ಖಂಡೆ ಪೂಜೆಗೆ ಕೂಡಿಸಿದ ಕಡತಗಳು

೧೦ ಅಕ್ಟೋಬರ್ ೧೯೮೮, ಸೋಮವಾರ

ಈ ಡೈರಿಯನ್ನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ತರಬೇತಿ ಮುಗಿದ ದಿನ ಕೊಟ್ಟಿದ್ದರು. ಇಷ್ಟು ದಿನ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಡೈರಿ ಬರೆಯುವಂಥ ಮನುಷ್ಯ ನಾನು ಈಗ ಆಗಿದ್ದೇನೆ ಎಂದು ನನಗೇ ಅನ್ನಿಸಿತು, ಅದಕ್ಕೆ.

ಇಳಕಲ್ಲಿನ ನಮ್ಮ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂದು ಎರಡು ತಿಂಗಳಾಯಿತು. ಅದನ್ನು ನಡೆಸಬಲ್ಲವನು ಇಡೀ ಊರಿನಲ್ಲಿ ನಾನೊಬ್ಬನೇ. ಯಾವ ನೇಕಾರನಿಗೆ ಎಷ್ಟು ನೂಲು ಹೋಯಿತು, ಯಾರ ಮಗ್ಗದಿಂದ ಎಷ್ಟು ಸೀರೆ ಬಂತು, ಎಲ್ಲ ಅದರೊಳಗಿದೆ. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಜೀವ ಸವೆಸಿದ. ನಾನು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂಡುತ್ತೇನೆ. ಕೆಲಸ ಇನ್ನೂ ಕಾಯಂ ಆಗಿಲ್ಲ, ದೀಪಾವಳಿ ಆದಮೇಲೆ ಕಮಿಟಿ ಕೂಡಿದಾಗ ಮಾಡುತ್ತೇವೆ ಎಂದು ಅಧ್ಯಕ್ಷ ರಾಮಲಿಂಗಪ್ಪನವರು ಹೇಳಿದ್ದಾರೆ.

ಚಪ್ಪಲಿ ಹೊರಗೆ ಬಿಟ್ಟು ಬರಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಎಲ್ಲರೂ ಕೇಳುತ್ತಾರೆ, ಕಸಗುಡಿಸುವ ಹಜರತಬಿ ಒಬ್ಬಳೇ ಕೇಳುವುದಿಲ್ಲ. ಅವಳಿಗೆ ಓದಲು ಬಾರದು ಅನ್ನುವುದು ಬೇರೆ ಮಾತು. ಬಾಯಿಂದ ಹೇಳಿದರೆ, ಇದರೊಳಗೆ ಯಾವ ದೇವರು ಕೂತಿದ್ದಾನೆ ತೋರಿಸು, ಚಪ್ಪಲಿ ಏನು, ತಲೆಯನ್ನೂ ಹೊರಗೆ ಬಿಟ್ಟು ಬರುತ್ತೇನೆ ಎಂದು ನಕ್ಕಳು. ಹದಿನಾಲ್ಕು ವರ್ಷದಿಂದ ಸಂಘದಲ್ಲಿದ್ದಾಳೆ, ಸಲಿಗೆ ಹೆಚ್ಚು. ಚಿಕ್ಕವನಿದ್ದಾಗ ನಾನು ಚಾಚಿ ಅನ್ನುತ್ತಿದ್ದೆ. ಈಗ ಆಫೀಸಿನಲ್ಲಿ ಹಾಗೆಲ್ಲ ಕರೆದರೆ ಚೆನ್ನಾಗಿರುವುದಿಲ್ಲ ಎಂದು ಹೆಸರು ಹಿಡಿದೇ ಕರೆಯುತ್ತೇನೆ.

೧೩ ಅಕ್ಟೋಬರ್, ಗುರುವಾರ

ಇವತ್ತು ಒಂದು ದೊಡ್ಡ ಕೆಲಸ ಮಾಡಿದೆ. ಬರೆದಿಡಬೇಕು.

ನೂಲಿನ ಪಟ್ಟಿ ತೋರಿಸುವ ಪ್ರೋಗ್ರಾಮು ಯಂತ್ರದೊಳಗೆ ‘ನೂಲು’ ಅನ್ನುವ ಕೋಣೆಯಲ್ಲಿದೆ. ಡೈರೆಕ್ಟರಿ ಎನ್ನುತ್ತಾರೆ, ನಾನು ಕೋಣೆ ಅನ್ನುತ್ತೇನೆ. ಆ ಕೋಣೆಯಲ್ಲಿ ನಿಂತು ಕರೆದರೆ ಮಾತ್ರ ಬರುತ್ತಿತ್ತು. ಹೊರಗೆ ನಿಂತು ಕರೆದರೆ, ಅಂಥವರು ಯಾರೂ ಇಲ್ಲ ಎಂದು ಯಂತ್ರ ಹೇಳಿಬಿಡುತ್ತಿತ್ತು. ಒಂದೇ ಗೋಡೆ ಆಚೆ ಇದ್ದರೂ ಇಲ್ಲ. ತಾನಾಗಿ ಹುಡುಕುವ ಬುದ್ಧಿ ಅದಕ್ಕಿಲ್ಲ. ಬೆಳಿಗ್ಗೆ ಯಂತ್ರ ಏಳುವಾಗ ಓದಿಕೊಳ್ಳುವ ಒಂದು ಕಡತವಿದೆ. ಅದರಲ್ಲಿ ‘ಪಾಥ್’ ಎಂದು ಬರೆದು, ಮೊದಲು ಈ ಕೋಣೆ ನೋಡು, ಅಲ್ಲಿ ಸಿಗದಿದ್ದರೆ ಆ ಕೋಣೆ ನೋಡು ಎಂದು ಹಾದಿ ಹೇಳಿಕೊಟ್ಟರೆ ಸಾಲುಬಿಡದೆ ನೋಡುತ್ತದೆ. ಆ ಸಾಲು ಬರೆದೆ. ಈಗ ಎಲ್ಲಿ ನಿಂತು ಕರೆದರೂ ನೂಲಿನ ಪಟ್ಟಿ ‘ಓ’ ಅನ್ನುತ್ತದೆ.

ಕಾರ್ಯದರ್ಶಿ ಸಂಗಯ್ಯನವರು ಬೆನ್ನು ತಟ್ಟಿದರು. ಮನೆಗೆ ಬಂದು ಹೆಂಡತಿ ಶಿವಬಸವ್ವನಿಗೆ ಹೇಳಿದೆ. ಅವಳು ಮಗ್ಗದಿಂದ ತಲೆ ಎತ್ತದೆ, ಹಾದಿ ಹೇಳದಿದ್ದರೆ ಮನುಷ್ಯರಿಗೂ ತಿಳಿಯುವುದಿಲ್ಲ, ಯಂತ್ರದ್ದೇನು ಅಂದಳು. ಇವಳಿಗೆ ಇದರ ಬೆಲೆ ತಿಳಿಯುವುದು ಕಷ್ಟ.

೧೮ ಅಕ್ಟೋಬರ್, ಮಂಗಳವಾರ

ನಾಳೆ ಮಹಾನವಮಿ, ಹತಾರಗಳಿಗೆ ಖಂಡೆ ಪೂಜೆ. ಇವತ್ತು ಊರೆಲ್ಲ ತೊಳೆಯುವುದೇ. ಸಂಘದಲ್ಲಿ ಹಜರತಬಿ ತಕ್ಕಡಿ, ಕಪಾಟು, ಕಿಟಕಿ ತೊಳೆಯುತ್ತ ಬಂದವಳು ನನ್ನ ಕೋಣೆಗೂ ನುಗ್ಗಿ ಹಸಿ ಬಟ್ಟೆಯಿಂದ ಕಂಪ್ಯೂಟರಿನ ಮೇಲ್ಮೈ ಒರೆಸಿಬಿಟ್ಟಿದ್ದಳು. ನನಗೆ ಮೈಯೆಲ್ಲ ಉರಿಯಿತು. ಯಾರನ್ನು ಕೇಳಿ ಮುಟ್ಟಿದೆ ಎಂದು ಎಲ್ಲರ ಮುಂದೆ ಜೋರು ಮಾಡಿದೆ. ಹಬ್ಬಕ್ಕೆ ಇದಕ್ಕೊಂದಕ್ಕೆ ಯಾಕೆ ಮೈಲಿಗೆ ಎಂದು ಒರೆಸಿದೆ ತಮ್ಮಾ, ಬಟ್ಟೆ ಹಿಂಡಿದ್ದೆ ಅಂದಳು. ಹಚ್ಚಿ ನೋಡಿದೆ. ಏನೂ ಆಗಿರಲಿಲ್ಲ. ಆದರೂ ಸಂಜೆತನಕ ಮುಖ ಗಂಟು ಹಾಕಿಕೊಂಡಿದ್ದೆ.

೧೯ ಅಕ್ಟೋಬರ್, ಬುಧವಾರ, ಮಹಾನವಮಿ

ನಮ್ಮ ಮನೆಯಲ್ಲಿ ಖಂಡೆ ಪೂಜೆಗೆ ಲಾಳಿ, ಲಾಳಿಯೊಳಗೆ ಹಾಕುವ ನೂಲು ಸುತ್ತಿದ ಕಂಡಿಕೆ, ರಾಟಿಯ ಕದಿರು, ಕತ್ತರಿ, ಎಲ್ಲವನ್ನೂ ಇದ್ದ ಜಾಗದಿಂದ ತೆಗೆದು ದೇವರ ಮುಂದೆ ಒಂದೇ ಕಡೆ ಕೂಡಿಸುವುದು ಹಿಂದಿನಿಂದ ಬಂದದ್ದು. ಆ ದಿನ ಯಾವ ಹತಾರಕ್ಕೂ ಕೆಲಸವಿಲ್ಲ. ಮರುದಿನ ಕಾಯಿ ಒಡೆದು ಒಂದೊಂದನ್ನೇ ಅದರದರ ಜಾಗಕ್ಕೆ ಇಡಬೇಕು. ಒಂದು ಸೂಜಿ ಬಿಟ್ಟುಹೋದರೂ ನಮ್ಮಪ್ಪ ಒಪ್ಪುತ್ತಿರಲಿಲ್ಲ.

ಬೆಳಿಗ್ಗೆ ಹೊಳೆಯಿತು. ನನ್ನ ಹತಾರ ಯಾವುವು? ಯಂತ್ರದೊಳಗಿನ ಕಡತಗಳೇ ಅಲ್ಲವೇ? ಹೊರಗಿನ ಡಬ್ಬಿಗೆ ಕುಂಕುಮ ಹಚ್ಚಿದರೆ ಮಗ್ಗದ ಕಂಬಕ್ಕೆ ಪೂಜೆ ಮಾಡಿ ಲಾಳಿಯನ್ನು ಬಿಟ್ಟಂತೆ. ಪೂಜೆಗೆ ಮೊದಲೇ ಹೋಗಿ ಯಂತ್ರದೊಳಗೆ ‘ದೇವಿ’ ಎಂಬ ಹೊಸ ಕೋಣೆ ಮಾಡಿದೆ. ಯಾವ ಕೋಣೆಗೂ ಸೇರದೆ ಡಿಸ್ಕಿನ ಬುಡದಲ್ಲಿದ್ದ ಕಡತಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಹಳೆಯ ಜಾಗದಲ್ಲಿದ್ದವನ್ನು ಅಳಿಸಿದೆ. ನಾನೇನು ದಡ್ಡನಲ್ಲ. ಮೊದಲೇ ಪಾಥ್ ಸಾಲಿನಲ್ಲಿ ‘ದೇವಿ’ಯ ಹೆಸರು ಸೇರಿಸಿದ್ದೆ. ನಾಳೆ ಒಂದೊಂದನ್ನೇ ತೆಗೆದು ಸ್ವಸ್ಥಾನಕ್ಕೆ ಇಡುವುದು. ಆಮೇಲೆ ಯಂತ್ರ ಆರಿಸಿ ಬಾಗಿಲು ತೆರೆದೆ. ಸಂಗಯ್ಯನವರು ವಿಭೂತಿ ಹಚ್ಚಿದರು, ಹಜರತಬಿ ಸೇವಂತಿಗೆ ಸರ ತಂದಿದ್ದಳು.

ಒಳಗಿನ ಪೂಜೆಯ ಸಂಗತಿ ನನಗೊಬ್ಬನಿಗೇ ಗೊತ್ತು. ಮನಸ್ಸಿಗೆ ತುಂಬ ಸಮಾಧಾನ.

೨೦ ಅಕ್ಟೋಬರ್, ಗುರುವಾರ, ವಿಜಯದಶಮಿ

ಹೇಗೆ ಬರೆಯಲಿ.

ಹತ್ತು ಗಂಟೆಗೆ ರಾಮಲಿಂಗಪ್ಪನವರು, ಹನ್ನೊಂದು ಜನ ಕಮಿಟಿಯವರು, ಸಂಗಯ್ಯನವರು, ಎಲ್ಲ ನನ್ನ ಕೋಣೆಯಲ್ಲಿ. ಕಾಯಿ ಒಡೆದರು. ನಾನು ಗುಂಡಿ ಒತ್ತಿದೆ. ಯಂತ್ರ ಗುರ್ ಎಂದಿತು, ಒಂದು ಇಂಗ್ಲಿಷ್ ಸಾಲು ಬರೆಯಿತು, ನಿಂತುಬಿಟ್ಟಿತು. ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್. ಮೂರು ಸಲ ಆರಿಸಿ ಹಚ್ಚಿದೆ. ಅದೇ ಸಾಲು. ಕೀಲಿಮಣೆ ಸತ್ತ ಹಾಗೆ.

ಸಂಗಯ್ಯನವರು ಕನ್ನಡಕ ಏರಿಸಿ ಓದಿದರು. ಬ್ಯಾಡ್ ಎಂದು ತಾನೇ ಬರೆದು ಹೇಳುತ್ತಿದೆ, ಕೆಟ್ಟಿದೆ ಅಂದರು. ದೀಪಾವಳಿಯ ನೂಲು ಹಂಚುವುದಿತ್ತು, ಪಟ್ಟಿ ಒಳಗೇ ಉಳಿಯಿತಲ್ಲ ಎಂದು ಯಾರೋ ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಮತ್ತೆ ಗುಂಡಿಯ ಮೇಲೆ ಬೆರಳಿಟ್ಟೆ.

ಆಗ ಬಾಗಿಲ ಹತ್ತಿರ ಹಜರತಬಿಯ ದನಿ ಕೇಳಿತು. ಯಾರೂ ಅವಳನ್ನು ಕೇಳಿರಲಿಲ್ಲ.

“ಮೊನ್ನೆ ನಾ ಹಸಿ ಅರಬಿಲೆ ಒರಿಸಿದ್ದೆರಿ. ಒಳಗ ನೀರ ಹೋಗೇತೇನೋ.”

ರಾಮಲಿಂಗಪ್ಪನವರು ನನ್ನ ಕಡೆ ತಿರುಗಿದರು. “ಅದರಿಂದ ಕೆಡತೈತೇನೊ ಅಮಾತೆಪ್ಪ?”

ಅವಳು ಒರೆಸಿದ ಮೇಲೆ ಯಂತ್ರವನ್ನು ಎರಡು ಸಲ ಹಚ್ಚಿದ್ದೆ. ನಡೆದಿತ್ತು. ಅದು ನನಗೆ ನೆನಪಿತ್ತು. ನೆನಪಿದ್ದೂ ಹೇಳಿದೆ.

“ಕೆಟ್ಟಿರಬಹುದ್ರಿ.”

ಸಂಜೆ ಬನ್ನಿ ಕೊಡಲು ಅವಳು ನಮ್ಮ ಮನೆಗೆ ಬಂದಳು, ಪ್ರತಿ ವರ್ಷದ ಹಾಗೆ. ಚಿಕ್ಕವನು ನಾನು, ನಾನೇ ಮೊದಲು ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ಹೋಗಿರಲಿಲ್ಲ. ಅವಳೇ ನನ್ನ ಕೈಯಲ್ಲಿ ಎಲೆ ಇಟ್ಟು, ಬಂಗಾರ ತಗೊಂಡು ಬಂಗಾರದ ಹಾಗೆ ಇರು ತಮ್ಮಾ, ನಿನ್ನ ಮಿಷನ್ ನನ್ನ ಕೈಯಿಂದ ಕೆಟ್ಟಿತು, ಸಿಟ್ಟು ಇಟ್ಟುಕೊಳ್ಳಬೇಡ ಅಂದಳು. ನಮ್ಮ ಮನೆಯ ಬನ್ನಿ ತಟ್ಟೆಯಲ್ಲಿ ನನ್ನ ಮುಂದೆಯೇ ಇತ್ತು. ನಾನು ಒಂದು ಎಲೆಯನ್ನೂ ವಾಪಸು ಕೊಡಲಿಲ್ಲ. ಒಳಗೆ ಕೆಲಸವಿದೆ ಎಂದು ಎದ್ದುಹೋದೆ. ಅವಳು ಕೊಟ್ಟ ಎಲೆಗಳು ಈ ಪುಟದಲ್ಲಿವೆ.

೨೧ ಅಕ್ಟೋಬರ್, ಶುಕ್ರವಾರ

ಹುಬ್ಬಳ್ಳಿಯ ನೋಟುಬುಕ್ಕು ಹುಡುಕಿ ತೆಗೆದೆ. ನನ್ನದೇ ಅಕ್ಷರದಲ್ಲಿದೆ.

ಗುಂಡಿ ಒತ್ತಿದಾಗ ಯಂತ್ರಕ್ಕೆ ಏನೂ ಗೊತ್ತಿರುವುದಿಲ್ಲ. ಅದನ್ನು ಎಬ್ಬಿಸಲು ಒಂದು ಸಣ್ಣ ಬರಹವಿದೆ, ಅದಕ್ಕೆ ಗೊತ್ತಿರುವುದು ಎಲ್ಲಿ ನೋಡಬೇಕು ಅನ್ನುವುದಷ್ಟೇ. ಮೊದಲು ಫ್ಲಾಪಿ ಹಾಕುವ ಬಾಯಿ ನೋಡುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಒಳಗಿನ ಡಿಸ್ಕಿಗೆ ಹೋಗುತ್ತದೆ. ಅಲ್ಲಿಂದ ಎದ್ದ ಮೇಲೆ, ನಮ್ಮ ಮಾತು ತಿಳಿದುಕೊಳ್ಳುವ ಕಮಾಂಡ್ ಕಡತವನ್ನು ಡಿಸ್ಕಿನ ಬುಡದಲ್ಲಿ ಹುಡುಕುತ್ತದೆ. ಬುಡದಲ್ಲಿ ಮಾತ್ರ. ಕೋಣೆಗಳಿಗೆ ಕೈ ಹಾಕುವುದಿಲ್ಲ. ಪಾಥ್ ಸಾಲು ಓದುವುದು ಅದಾದ ಮೇಲೆ.

ಅದಾದ ಮೇಲೆ ಎಂಬ ಮಾತಿಗೆ ಅಡಿಗೆರೆ ಬೇರೆ ಎಳೆದಿದ್ದೇನೆ, ಮೂರ್ಖ.

ಕಮಾಂಡ್ ಕಡತವನ್ನು ದೇವಿಯ ಕೋಣೆಗೆ ಒಯ್ದವನು ನಾನು. ಹಾದಿ ಬರೆದ ಕಡತವನ್ನೂ ಅದೇ ಕೋಣೆಯೊಳಗೆ ಇಟ್ಟವನು ನಾನು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಿದ್ದೇನೆ. ಬ್ಯಾಡ್ ಆರ್ ಮಿಸ್ಸಿಂಗ್: ಕೆಟ್ಟಿದೆ, ಇಲ್ಲವೇ ಸಿಗುತ್ತಿಲ್ಲ. ಯಂತ್ರ ಎರಡು ಮಾತು ಹೇಳಿತ್ತು. ಎಲ್ಲರೂ ಒಂದನ್ನೇ ಓದಿದರು. ನಾನು ಎರಡನ್ನೂ ಓದಿದ್ದೆ.

ಸಿಸ್ಟಮ್ ಫ್ಲಾಪಿ ನನ್ನ ಡ್ರಾಯರಿನಲ್ಲೇ ಇದೆ. ಹಾಕಿದರೆ ಐದು ನಿಮಿಷದ ಕೆಲಸ. ಆದರೆ ಏನಾಗಿತ್ತು ಎಂದು ಕೇಳುತ್ತಾರಲ್ಲ. ಕಡತಗಳಿಗೆ ಪೂಜೆ ಮಾಡಿಸಲು ಹೋಗಿ ಯಂತ್ರ ನಿಲ್ಲಿಸಿದ ಎಂದರೆ ಕಾಯಂ ಮಾಡುವುದಿರಲಿ, ಇಳಕಲ್ಲಿನ ಓಣಿಯಲ್ಲಿ ತಲೆ ಎತ್ತಿ ನಡೆಯಲು ಬಿಡುತ್ತಾರೆಯೇ? ಸಂಗಯ್ಯನವರು ಕಂಪನಿಗೆ ಪತ್ರ ಬರೆದಿದ್ದಾರೆ, ಮೆಕ್ಯಾನಿಕ್ ಬರಲು ಎಂಟು ದಿನವಂತೆ. ನಾಳೆ ಹೇಳುತ್ತೇನೆ.

೨೨ ಅಕ್ಟೋಬರ್, ಶನಿವಾರ

ಯಂತ್ರ ಕೆಟ್ಟದ್ದು ಅವಳ ತಪ್ಪು ಎಂದು ಠರಾವು ಪುಸ್ತಕದಲ್ಲಿ ಬರೆದು ಹಜರತಬಿಯನ್ನು ಕೆಲಸದಿಂದ ಬಿಡಿಸಿದರು. ಅವಳು ವಾದ ಮಾಡಲಿಲ್ಲ. ಕಸಬರಿಗೆಯನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಹೋದಳು.

ನಾನು ಅಲ್ಲೇ ಇದ್ದೆ.

೨೩ ಅಕ್ಟೋಬರ್, ರವಿವಾರ

ಮಧ್ಯಾಹ್ನ ಹೋಗಿ ಬಾಗಿಲು ಹಾಕಿಕೊಂಡೆ. ಸಿಸ್ಟಮ್ ಫ್ಲಾಪಿ ಹಾಕಿ ಗುಂಡಿ ಒತ್ತಿದೆ. ಯಂತ್ರ ಮೊದಲು ಅಲ್ಲೇ ನೋಡಿತು, ಬೇಕಾದದ್ದು ಸಿಕ್ಕಿತು, ಎದ್ದಿತು. ದೇವಿಯ ಕೋಣೆಯೊಳಗೆ ಇಣುಕಿದೆ. ಎಲ್ಲ ಇದ್ದವು. ಒಂದೂ ಹಾಳಾಗಿರಲಿಲ್ಲ. ಒಂದೊಂದನ್ನೇ ಬುಡಕ್ಕೆ ತಂದಿಟ್ಟು, ಕೋಣೆ ಅಳಿಸಿದೆ. ಫ್ಲಾಪಿ ತೆಗೆದು ಮತ್ತೆ ಹಚ್ಚಿದೆ. ಎದ್ದಿತು.

ಹೊರಗೆ ಬರುವಾಗ ಸಂಗಯ್ಯನವರು ಎದುರಾದರು. ಎರಡು ದಿನ ಫ್ಯಾನ್ ಹಚ್ಚಿಟ್ಟಿದ್ದೆ, ನೀರು ಆರಿತು ಅಂದೆ. ಇಷ್ಟು ಸಲೀಸಾಗಿ ಬಂತು ಆ ಮಾತು. ಇದಕ್ಕೆ ತರಬೇತಿಯೇ ಬೇಕಾಗಲಿಲ್ಲ.

೨೪ ಅಕ್ಟೋಬರ್, ಸೋಮವಾರ

ಸಂಘದಲ್ಲಿ ನನಗೆ ಪೇಢೆ ತಿನ್ನಿಸಿದರು. ಅಮಾತೆಪ್ಪ ಇರದಿದ್ದರೆ ಯಂತ್ರ ಹೋಗಿಯೇ ಬಿಡುತ್ತಿತ್ತು ಎಂದು ರಾಮಲಿಂಗಪ್ಪನವರು ಎಲ್ಲರಿಗೂ ಹೇಳಿದರು. ಹಾಗಾದರೆ ಹಜರತಬಿಯನ್ನು ಮತ್ತೆ ಕರೆಯಬಹುದಲ್ಲ ಎಂದು ಬಾಯಿ ತೆರೆದೆ. ಇನ್ನೊಮ್ಮೆ ಒರೆಸಿಟ್ಟಾಳು, ಬೇಡ ಅಂದರು. ಎಲ್ಲ ನಕ್ಕರು. ನನ್ನ ಬಾಯಲ್ಲಿ ಪೇಢೆ ಇತ್ತು.

೨೮ ಅಕ್ಟೋಬರ್, ಶುಕ್ರವಾರ

ಶಿವಬಸವ್ವ ನನ್ನ ಕೈಯಲ್ಲಿ ಒಂದು ಹಸಿರು ದಾರ ಇಟ್ಟಳು. ಹಜರತಬಿ ದರ್ಗಾಕ್ಕೆ ಹರಕೆ ಹೊತ್ತಿದ್ದಳಂತೆ, ಯಂತ್ರ ಸುಧಾರಿಸಲಿ ಎಂದು. ಸುಧಾರಿಸಿತು ಎಂದು ಕೇಳಿ ಅತ್ತುಬಿಟ್ಟಳಂತೆ. ಇನ್ನೊಮ್ಮೆ ಕೆಡದ ಹಾಗೆ ಇದನ್ನು ಕಟ್ಟಲು ಹೇಳು ಎಂದು ಕೊಟ್ಟು ಹೋಗಿದ್ದಾಳೆ.

ನಿಮಗೆ ಏನಾಗಿದೆ, ಎಂಟು ದಿನದಿಂದ ಉಣ್ಣುವುದಿಲ್ಲ, ಮಾತಿಲ್ಲ ಎಂದು ಶಿವಬಸವ್ವ ಕೇಳಿದಳು. ಕೆಲಸ ಹೆಚ್ಚು ಅಂದೆ. ದಾರವನ್ನು ಯಂತ್ರದ ಹಿಂಬದಿಯ ತಂತಿಗೆ, ಯಾರಿಗೂ ಕಾಣದಲ್ಲಿ ಕಟ್ಟಿದೆ.

೯ ನವೆಂಬರ್, ಬುಧವಾರ

ದೀಪಾವಳಿ. ಹದಿನಾರಕ್ಕೆ ಕಮಿಟಿ. ನನ್ನನ್ನು ಕಾಯಂ ಮಾಡುವ ಠರಾವು ಸಿದ್ಧವಿದೆ ಎಂದು ರಾಮಲಿಂಗಪ್ಪನವರು ಹೇಳಿಕಳಿಸಿದರು. ಶಿವಬಸವ್ವ ಹೋಳಿಗೆ ಮಾಡಿದ್ದಳು. ಎರಡು ತಿಂದೆ. ಸೇರಲಿಲ್ಲ.

೧೨ ನವೆಂಬರ್, ಶನಿವಾರ

ಯಂತ್ರ ಏಳುವಾಗ ಪ್ರತಿದಿನ ಬೆಳಿಗ್ಗೆ ಒಂದು ಗಳಿಗೆ ಕಪ್ಪು ಪರದೆಯ ಮುಂದೆ ಕೂಡಬೇಕಾಗುತ್ತದೆ. ಅದು ಅಲ್ಲಿ ನೋಡು, ಇಲ್ಲಿ ನೋಡು ಎಂದು ಒಳಗೆ ತಡಕಾಡುತ್ತಿರುತ್ತದೆ. ಮೊದಲು ಆ ಗಳಿಗೆ ನನಗೆ ಹಿಡಿಸುತ್ತಿತ್ತು. ಈಗ ಗಾಜಿನಲ್ಲಿ ನನ್ನ ಮುಖ ಕಾಣುತ್ತದೆ.

ಇವತ್ತು ತಡೆಯಲಾಗಲಿಲ್ಲ. ಹಜರತಬಿಯ ಮನೆಗೆ ಹೋದೆ. ಬೀಗ ಇತ್ತು. ಹುನಗುಂದದಲ್ಲಿ ಅವರ ತಂಗಿ ಲಾಡಬಿ ಇದ್ದಾಳೆ, ಅಲ್ಲಿಗೆ ಹೋಗಿರಬೇಕು ಎಂದು ಪಕ್ಕದ ಮನೆಯವರು ಹೇಳಿದರು. ಸಿಕ್ಕರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಸಿಗಲಿಲ್ಲ ಎಂದಾಗ ಎದೆ ಹಗುರಾಯಿತು. ಖರೆ ಹೇಳಬೇಕೆಂದರೆ ಹಾಗೇ ಆಯಿತು.

೧೩ ನವೆಂಬರ್, ರವಿವಾರ

ಬೆಳಗಿನ ಬಸ್ಸಿಗೆ ಹುನಗುಂದ. ಕೋರ್ಟಿನ ಹಿಂದಿನ ಓಣಿಯಲ್ಲಿ ಲಾಡಬಿಯವರ ಮನೆ. ನಾನು ಯಾರೆಂದು ಹೇಳಿದೆ. ಆಕೆ ಕೂಡು ಅನ್ನಲಿಲ್ಲ. ಅಕ್ಕ ನಾಲ್ಕು ದಿನ ಇದ್ದು ಹೋದಳು, ಇಳಕಲ್ಲಿನಲ್ಲಿ ಯಾರಿಗೆ ಮುಖ ತೋರಿಸಲಿ, ಬಡವರ ನೂಲಿನ ಮಿಷನ್ ಕೆಡಿಸಿದೆ ಅನ್ನುತ್ತ ಕೂಡುತ್ತಿದ್ದಳು ಎಂದು ಹೇಳಿದರು. ಕೂಡಲಸಂಗಮದ ಅಂಗಡಿಗಳಲ್ಲಿ ಕೆಲಸ ಸಿಕ್ಕೀತೇ ಎಂದು ಒಮ್ಮೆ ಕೇಳಿದ್ದರಂತೆ. ಅಷ್ಟು ಸಾಕಾಯಿತು ನನಗೆ. ಈಗ ಎಲ್ಲಿದ್ದಾರೆ ಎಂದು ಕೇಳಲೇ ಇಲ್ಲ. ಸಂಗಮದ ಬಸ್ಸು ಹತ್ತಿದೆ.

ಅಲ್ಲಿ ತೆಂಗಿನಕಾಯಿ ಅಂಗಡಿ, ಬಳೆ ಅಂಗಡಿ, ಎಲ್ಲ ಕಡೆ ಕೇಳಿದೆ. ಇಲ್ಲ, ಇಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ಶೇಂಗಾ ತಿಂದೆ. ನಾನು ಮಾಡಬೇಕಾದ್ದು ಮಾಡಿದೆ, ಅವರೇ ಸಿಗಲಿಲ್ಲ ಎಂದುಕೊಂಡೆ. ಎಂಥ ಹಲ್ಕಾ ಸಮಾಧಾನ ಅದು.

೧೪ ನವೆಂಬರ್, ಸೋಮವಾರ

ಬೆಳಿಗ್ಗೆ ಶಿವಬಸವ್ವ ಮಗ್ಗದಲ್ಲಿ ಕೂತಿದ್ದಳು. ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದಳು. ಹಜರತಬಿಯವರನ್ನು ಹುಡುಕಲು ಅಂದೆ. ಅವಳು ಲಾಳಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

“ನೀವು ಹುಡಕಾಕ ಹೋಗಿದ್ದಿಲ್ಲ. ಸಿಗಬಾರದು ಅಂತ ತಿರಗ್ಯಾಡಾಕ ಹೋಗಿದ್ರಿ.”

ನಾನು ಬಾಯಿ ತೆರೆಯುವ ಮೊದಲೇ ಲಾಳಿಯೊಳಗಿನ ಕಂಡಿಕೆ ತೆಗೆದು ನನ್ನ ಮುಂದೆ ಹಿಡಿದಳು.

“ಹದಿನೈದು ದಿನಾತು, ಇದನ್ನ ಯಾರ ಸುತ್ತಿಕೊಡತಾರ ಅಂತ ಒಮ್ಮೆರೆ ಕೇಳೀರೇನು?”

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ರಾಟಿ ಹಾಕಿದ ಪಡಸಾಲೆಯಿದೆ. ಹಜರತಬಿಯವರು ಹಗಲೆಲ್ಲ ಅಲ್ಲಿ ಕೂತು ಕಂಡಿಕೆ ಸುತ್ತುತ್ತಾರೆ, ಅದಕ್ಕೇ ಮನೆಗೆ ಬೀಗ. ಅವರು ಸುತ್ತಿದ ನೂಲಿನಿಂದ ನನ್ನ ಹೆಂಡತಿ ನೇಯುತ್ತಾಳೆ. ಅವರು ಸುತ್ತಿದ ಕಂಡಿಕೆಯ ಬುಟ್ಟಿಯನ್ನು ದಾಟಿಕೊಂಡು ನಾನು ದಿನಾ ಆಫೀಸಿಗೆ ಹೋಗಿದ್ದೇನೆ. ನಲವತ್ತು ಹೆಜ್ಜೆ ದೂರ. ಹುನಗುಂದಕ್ಕೂ ಸಂಗಮಕ್ಕೂ ಟಿಕೆಟ್ ತೆಗೆಸಿದವನು ಅಲ್ಲಿ ನೋಡಿರಲಿಲ್ಲ.

ಹೋದೆ. ಬಿಸಿಲಿನ ಪಟ್ಟಿಯಲ್ಲಿ ಕೂತು ರಾಟಿ ತಿರುಗಿಸುತ್ತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, ಮಿಷನ್ ಆರಾಮ ಇದೆಯೇನು ತಮ್ಮಾ ಎಂದು.

ಹೊಂದಿಸಿಕೊಂಡದ್ದೆಲ್ಲ ಮರೆತುಹೋಯಿತು. ನಿಂತಲ್ಲೇ ಹೇಳಿದೆ. ನಿಮ್ಮ ಹಸಿ ಬಟ್ಟೆಯಿಂದ ಏನೂ ಆಗಿರಲಿಲ್ಲ, ಪೂಜೆಗೆಂದು ನಾನೇ ಒಳಗಿನ ಸಾಮಾನು ಜಾಗ ಬದಲಿಸಿದ್ದೆ, ಅದಕ್ಕೆ ಸಿಗಲಿಲ್ಲ, ಮರುದಿನವೇ ನನಗೆ ತಿಳಿಯಿತು, ನಿಮ್ಮನ್ನು ಬಿಡಿಸುವ ಮೊದಲೇ ತಿಳಿದಿತ್ತು, ಸುಮ್ಮನಿದ್ದೆ.

ರಾಟಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಎಳೆ ಹರಿಯಿತು. ತುದಿ ಹುಡುಕಿ, ಗಂಟು ಹಾಕಿ, ಹಲ್ಲಿನಿಂದ ಕಡಿದು ಮತ್ತೆ ತಿರುಗಿಸಿದರು. ಚಾಚಿ, ತಪ್ಪಾಯಿತು ಅಂದೆ. ಆಗ ಕೈ ನಿಂತಿತು.

“ಇಪ್ಪತ್ತೈದು ದಿನ ನಾ ಕೆಟ್ಟ ಕೈಯಾಕಿ ಅಂತ ಈ ಕೈಲೆ ನೀರ ಕುಡಿಯಾಕೂ ಅಂಜೀನಿ,” ಅಂದರು. ಸಿಟ್ಟಿನಿಂದ ಅನ್ನಲಿಲ್ಲ, ಕೈ ನೋಡಿಕೊಂಡು ಅಂದರು. “ನಂಗ್ಯಾಕ ಹೇಳಾಕ ಬಂದಿ? ಆ ಮಾತು ನೀ ನನ್ನ ಮುಂದ ಆಡಿದ್ದಲ್ಲ. ಎಲ್ಲಿ ಆಡಿದ್ದಿ, ಅಲ್ಲಿ ಹೋಗಿ ಹೇಳು.”

ಮತ್ತೆ ರಾಟಿ ಸುರುವಾಯಿತು. ನಾನು ಇನ್ನೂ ನಿಂತೇ ಇದ್ದೆ, ಅವರು ನನ್ನ ಕಡೆ ನೋಡಲಿಲ್ಲ.

೧೬ ನವೆಂಬರ್, ಬುಧವಾರ

ಕಮಿಟಿ ಮೂರು ಗಂಟೆಗೆ ಕೂಡಿತು. ಅದೇ ಹನ್ನೊಂದು ಜನ. ನನ್ನ ಕಾಯಂ ಠರಾವು ಎರಡನೆಯದಿತ್ತು. ಸಂಗಯ್ಯನವರು ಓದಲು ಸುರು ಮಾಡಿದರು. ನಾನು ಎದ್ದು, ಯಂತ್ರದ ಕೋಣೆಗೆ ಎಲ್ಲರೂ ಒಮ್ಮೆ ಬರಬೇಕು ಅಂದೆ. ಏನೋ ಹೊಸ ಚಮತ್ಕಾರ ತೋರಿಸುತ್ತಾನೆ ಎಂದು ನಗುತ್ತ ಬಂದರು.

ಆ ದಿನ ನಿಂತಿದ್ದ ಜಾಗದಲ್ಲೇ ನಿಂತುಕೊಂಡೆ. ಎಲ್ಲರ ಮುಂದೆ ಕಮಾಂಡ್ ಕಡತವನ್ನು ಒಂದು ಕೋಣೆಗೆ ಸಾಗಿಸಿ, ಬುಡದಲ್ಲಿದ್ದದ್ದನ್ನು ಅಳಿಸಿ, ಯಂತ್ರ ಆರಿಸಿ ಹಚ್ಚಿದೆ. ಅದೇ ಇಂಗ್ಲಿಷ್ ಸಾಲು ಬಂತು. ನೀರು ಎಲ್ಲಿದೆ ನೋಡಿರಿ ಅಂದೆ. ಫ್ಲಾಪಿ ಹಾಕಿ ಕಡತವನ್ನು ಮತ್ತೆ ಬುಡಕ್ಕೆ ತಂದೆ, ಯಂತ್ರ ಎದ್ದಿತು. ಆಮೇಲೆ ಎಲ್ಲ ಹೇಳಿದೆ. ಖಂಡೆ ಪೂಜೆ, ದೇವಿಯ ಕೋಣೆ, ಫ್ಯಾನಿನ ಸುಳ್ಳು. ಯಾರೋ ಒಬ್ಬರು, ಕಡತಕ್ಕೆ ಕುಂಕುಮ ಹಚ್ಚಿದ್ದೆಯೋ ಇಲ್ಲವೋ ಎಂದು ಕೇಳಿದರು. ಕೋಣೆ ತುಂಬ ನಗು. ಈ ನಗುವಿಗೆ ಅಂಜಿ ನಾನು ಇಪ್ಪತ್ತಾರು ದಿನ ಸುಮ್ಮನಿದ್ದೆ. ಅದು ಎಣಿಸಿದ್ದಕ್ಕಿಂತ ಬೇಗ ಮುಗಿಯಿತು.

ರಾಮಲಿಂಗಪ್ಪನವರು ನಗಲಿಲ್ಲ. ಸಂಗಯ್ಯನವರು, ಆದದ್ದಾಯಿತು, ಯಂತ್ರ ನಡೆದಿದೆ, ಇಷ್ಟಕ್ಕೇ ಬಿಡೋಣ ಅಂದರು. ಬೇಡ್ರಿ, ಬರೆಯಿರಿ ಅಂದೆ. ಹಜರತಬಿಯವರ ತಪ್ಪು ಎಂದು ಠರಾವು ಪುಸ್ತಕದಲ್ಲಿ ಬರೆದಿದ್ದೀರಿ, ಅಲ್ಲೇ ಅದರ ಕೆಳಗೆ ನನ್ನ ತಪ್ಪು ಎಂದು ಬರೆಯಿರಿ.

ಬರೆದರು. ನನ್ನ ಕೆಲಸ ಇನ್ನೂ ಒಂದು ವರ್ಷ ಕಾಯಂ ಇಲ್ಲ ಎಂದೂ ಬರೆದರು. ಹಜರತಬಿಯನ್ನು ಕರೆಯಬೇಕು ಎಂದೂ ಬರೆದರು. ಹೋಗುವಾಗ ರಾಮಲಿಂಗಪ್ಪನವರು ನನ್ನ ಭುಜ ಹಿಡಿದು ನಿಲ್ಲಿಸಿದರು.

“ಅವತ್ತ ನಾ ಕೇಳಿದ್ದು ನಿನ್ನ ಒಬ್ಬನ್ನ. ಅಕಿನ್ನ ಕೇಳಲಿಲ್ಲ. ಆ ತಪ್ಪು ನನಗ ಇರಲಿ. ನೀ ಹೋಗಿ ಕರಿ, ಬಂದ್ರ ಅಕಿ ದೊಡ್ಡ ಮನಸು.”

ಸಂಜೆ ಹೋಗಿ ಕರೆದೆ. ಕೈಯಲ್ಲಿದ್ದ ನೂಲು ಮುಗಿಯಲಿ, ಶುಕ್ರವಾರ ನೋಡೋಣ ಅಂದರು ಚಾಚಿ.

ಶಿವಬಸವ್ವನಿಗೆ ಎಲ್ಲ ಹೇಳಿದೆ. ಜೋಳದ ರೊಟ್ಟಿ ಬಡಿದು ಬಿಸಿಬಿಸಿ ಹಾಕಿದಳು. ನಾಲ್ಕು ತಿಂದೆ.

೧೮ ನವೆಂಬರ್, ಶುಕ್ರವಾರ

ಹನ್ನೊಂದರ ಸುಮಾರಿಗೆ ಬಂದರು. ಚಪ್ಪಲಿ ಹಾಕಿಕೊಂಡೇ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಬಕೀಟು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಝಾಡಿಸಿ, ನನ್ನ ಮುಖ ನೋಡಿದರು. ಸಂಗಯ್ಯನವರು ಅಲ್ಲೇ ಇದ್ದರು, ಇನ್ನಿಬ್ಬರು ನೇಕಾರರೂ ಇದ್ದರು.

“ಒರಸಲೇನು?”

“ಒರಸ್ರಿ ಚಾಚಿ.”

ಒರೆಸಿದರು. ಅವಸರವಿಲ್ಲ. ಪರದೆ, ಮೇಲ್ಮೈ, ಬದಿ. ಹಿಂಬದಿಗೆ ಹೋದಾಗ ತಂತಿಗೆ ಕಟ್ಟಿದ ಹಸಿರು ದಾರ ಕಂಡಿರಬೇಕು, ಅಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹಿಂದೆ ಸರಿದು, ಈಗ ಹಚ್ಚು ಅಂದರು. ಗುಂಡಿ ಒತ್ತಿದೆ. ಕಪ್ಪು ಪರದೆ. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅದು ಎಲ್ಲಿ ನೋಡುತ್ತಿದೆ ಎಂದು ನನಗೊಬ್ಬನಿಗೆ ಗೊತ್ತಿತ್ತು, ಆದರೂ ಬೆವರಿದೆ. ಅಕ್ಷರ ಬಂದವು. ಚಾಚಿ ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಬಕೀಟು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು.

ಬಾಗಿಲ ಮೇಲಿನ ಚಪ್ಪಲಿಯ ಚೀಟಿ ಕಿತ್ತೆ.

ಸಂಜೆ ಅವರು ಹೊರಡುವಾಗ ಈ ಡೈರಿ ಹಿಡಿದುಕೊಂಡು ಹಿಂದೆ ಹೋದೆ. ಇಪ್ಪತ್ತನೇ ತಾರೀಖಿನ ಪುಟದೊಳಗಿನ ಬನ್ನಿ ಎಲೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಗ್ಗಿ ಕಾಲು ಮುಟ್ಟಿ, ಅವರ ಮುಂದೆ ಹಿಡಿದೆ. ಬಂಗಾರ ತಗೊಳ್ಳಿರಿ ಅನ್ನಬೇಕಿತ್ತು. ಚಾಚಿ ಎಂದಷ್ಟೇ ಅಂದೆ. ಅವರು ಎಲೆಗಳನ್ನು ನೋಡಿದರು. ಒಣಗಿ ಕಂದಾಗಿದ್ದವು, ಎರಡು ಮುರಿದಿದ್ದವು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದರು.

“ಇವು ನಾ ಕೊಟ್ಟಾವು. ನಿನ್ನಾವು ಬರೂ ದಸರಾಕ್ಕ ತಾ.”

ಇನ್ನೂ ಹನ್ನೊಂದು ತಿಂಗಳಿದೆ.